ಒಕ್ಕದ ವಾಟ್ಸಾಪ್ ಗುಂಪನ್ನು ಸಮಾಜಶಾಸ್ತ್ರದ ಯಾವ ಸಿದ್ಧಾಂತದಿಂದ ನೋಡಬೇಕು?

ಪ್ರಶ್ನೆ: ಗೋಣಿಕೊಪ್ಪಲಿನ ವಿದ್ಯಾರ್ಥಿನಿ

ನಾನು ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಅಂತಿಮ ವರ್ಷದ ಕಿರುಪ್ರಬಂಧಕ್ಕೆ ಕೊಡಗಿನ ಒಕ್ಕಗಳ (ಒಂದೇ ಮೂಲಪುರುಷನಿಂದ ಬಂದ ಕೊಡವ ಮನೆತನಗಳ) ವಾಟ್ಸಾಪ್ ಗುಂಪುಗಳನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ನಮ್ಮ ಒಕ್ಕದ ಗುಂಪಿನಲ್ಲಿ ಮೂಲಮನೆಯಾದ ಐನ್‌ಮನೆಯ ಆಸುಪಾಸಿನಲ್ಲೇ ಇರುವವರು, ಬೆಂಗಳೂರು ಮೈಸೂರುಗಳಲ್ಲಿ ಉದ್ಯೋಗದಲ್ಲಿರುವವರು, ಸೈನ್ಯದಲ್ಲಿರುವವರು, ಗಲ್ಫ್ ದೇಶಗಳಲ್ಲಿ ನೆಲೆಸಿದವರು ಎಲ್ಲರೂ ಇದ್ದಾರೆ. ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವ ಮುಹೂರ್ತ, ಪೂರ್ವಿಕರ ಗುಡಿಯಾದ ಕೈಮಡದ ದುರಸ್ತಿಯ ವಂತಿಗೆ, ಸಾವಿನ ಸುದ್ದಿ, ಕಾಫಿಯ ಧಾರಣೆ, ಯಾವ ತೋಟಕ್ಕೆ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ (ಅಂಗುಲದ ನೂರರಲ್ಲೊಂದು ಭಾಗ) ಬಿತ್ತು ಎನ್ನುವ ವರದಿ, ಇವೆಲ್ಲವೂ ಅಲ್ಲಿ ದಿನನಿತ್ಯ ಬರುತ್ತವೆ.

ನನ್ನನ್ನು ಕಾಡುತ್ತಿರುವ ಸಂಗತಿ ಆ ಗುಂಪಿನ ಮೌನ. ಹಿರಿಯರೊಬ್ಬರು ರಾಜಕೀಯದ ಸಂದೇಶವೊಂದನ್ನು ಕಳುಹಿಸುತ್ತಾರೆ. ಅದು ಸುಳ್ಳೆಂದು ಕಿರಿಯರಲ್ಲಿ ಹಲವರಿಗೆ ಗೊತ್ತಿರುತ್ತದೆ, ಆದರೆ ಯಾರೂ ತಿದ್ದುವುದಿಲ್ಲ. ಕೆಲವು ಗಂಟೆಗಳ ನಂತರ ಇನ್ನೊಬ್ಬರು ಹೂವಿನ ಚಿತ್ರವಿರುವ ಶುಭೋದಯವನ್ನು ಹಾಕಿದಾಗ ಆ ವಿಷಯ ಮೇಲಕ್ಕೆ ಸರಿದು ಮರೆಯಾಗುತ್ತದೆ. ಅದೇ ಹೊತ್ತಿಗೆ ಹಿರಿಯರಿಲ್ಲದ ನಮ್ಮ ವಯಸ್ಸಿನವರ ಇನ್ನೊಂದು ಗುಂಪಿನಲ್ಲಿ ಆ ಸಂದೇಶದ ಬಗ್ಗೆ ಬಿಸಿಬಿಸಿ ಚರ್ಚೆ ನಡೆದಿರುತ್ತದೆ.

ಮಾರ್ಗದರ್ಶಕರು ಫುಕೋ ಅವರ ಕಣ್ಗಾವಲಿನ ಸಿದ್ಧಾಂತವನ್ನಾಗಲಿ ಡರ್ಖೈಮ್ ಅವರ ಸಾಮಾಜಿಕ ಐಕ್ಯದ ಸಿದ್ಧಾಂತವನ್ನಾಗಲಿ ತೆಗೆದುಕೊಳ್ಳಲು ಸೂಚಿಸಿದ್ದಾರೆ. ನಾನು ಓದಿದ ಹಲವು ಪ್ರಬಂಧಗಳು ಮೊದಲ ಅಧ್ಯಾಯದಲ್ಲಿ ಒಬ್ಬ ಚಿಂತಕನನ್ನು ಪರಿಚಯಿಸಿ, ಕೊನೆಯ ಅಧ್ಯಾಯದಲ್ಲಿ ಅವನು ಹೇಳಿದ್ದು ಇಲ್ಲಿಯೂ ನಿಜವೆಂದು ಮುಗಿಸುತ್ತವೆ. ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ಸಾಮಾಜಿಕ ಜಾಲತಾಣಗಳು ಹುಟ್ಟುವ ಎಷ್ಟೋ ಮುಂಚೆ ರೂಪುಗೊಂಡ ಸಿದ್ಧಾಂತಗಳು ಇವತ್ತಿನ ಒಂದು ಒಕ್ಕದ ಗುಂಪನ್ನು ನಿಜವಾಗಿ ವಿವರಿಸಬಲ್ಲವೇ? ಬಲ್ಲವಾದರೆ ಎಲ್ಲಿಯವರೆಗೆ?

ಉತ್ತರ: ಮಡಿಕೇರಿಯ ನಿವೃತ್ತ ಅಧ್ಯಾಪಕ

ಸಿದ್ಧಾಂತವನ್ನು ಮೊದಲು ಆರಿಸಿ ಆಮೇಲೆ ಅದಕ್ಕೆ ಉದಾಹರಣೆ ಹುಡುಕುವ ಕ್ರಮವನ್ನು ನೀವು ಒಪ್ಪದಿರುವುದು ಸರಿಯಾಗಿದೆ. ನಿಮ್ಮ ಪ್ರಶ್ನೆಯೊಳಗೇ ಪ್ರಬಂಧದ ಬೀಜವಿದೆ: ಗೊತ್ತಿದ್ದೂ ಕಿರಿಯರು ಏಕೆ ಸುಮ್ಮನಿರುತ್ತಾರೆ, ಸುಮ್ಮನಿದ್ದವರು ಮತ್ತೊಂದು ಗುಂಪಿನಲ್ಲಿ ಏಕೆ ಮಾತನಾಡುತ್ತಾರೆ? ಈ ಎರಡಕ್ಕೂ ಒಟ್ಟಿಗೆ ಉತ್ತರ ಹೇಳಬಲ್ಲ ಸಿದ್ಧಾಂತವೇ ನಿಮಗೆ ಬೇಕಾದದ್ದು. ನನ್ನ ಅಭಿಪ್ರಾಯದಲ್ಲಿ ಅದು ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ ಅವರಲ್ಲಿ ಸಿಗುತ್ತದೆ.

ಗಾಫ್‌ಮನ್ ಸ್ಕಾಟ್‌ಲೆಂಡಿನ ಶೆಟ್‌ಲೆಂಡ್ ದ್ವೀಪಗಳ ಒಂದು ಚಿಕ್ಕ ಸಮುದಾಯದಲ್ಲಿ ಕ್ಷೇತ್ರಕಾರ್ಯ ಮಾಡಿದವರು. ಅದರ ಆಧಾರದ ಮೇಲೆ 1956ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಅಲ್ಲಿನ ಹೋಟೆಲೊಂದರ ಊಟದ ಕೋಣೆಯನ್ನೂ ಅಡುಗೆಮನೆಯನ್ನೂ ಹೋಲಿಸಿ ನೋಡಿದರು. ಅತಿಥಿಗಳ ಮುಂದೆ ವಿನಯದಿಂದ ನಡೆದುಕೊಳ್ಳುವ ಸಿಬ್ಬಂದಿ ಬಾಗಿಲು ದಾಟಿ ಅಡುಗೆಮನೆಗೆ ಬಂದ ಕೂಡಲೇ ಬೇರೆ ಭಾಷೆ, ಬೇರೆ ಭಂಗಿಗಳಿಗೆ ಹೊರಳುತ್ತಾರೆ. ಒಂದು ರಂಗ, ಇನ್ನೊಂದು ನೇಪಥ್ಯ. ಮುಖ್ಯವಾದ ಮಾತೆಂದರೆ ಇವೆರಡರಲ್ಲಿ ಒಂದು ಸುಳ್ಳು, ಮತ್ತೊಂದು ನಿಜ ಎಂದು ಅವರು ಹೇಳಲಿಲ್ಲ. ಎರಡೂ ಸಾಮಾಜಿಕ ಬದುಕಿಗೆ ಬೇಕು, ಅವುಗಳ ನಡುವಿನ ಬಾಗಿಲೂ ಬೇಕು ಎನ್ನುವುದು ಅವರ ವಾದದ ತಿರುಳು.

ಇದನ್ನು ನಮ್ಮ ಐನ್‌ಮನೆಗೆ ತಂದು ನೋಡಿ. ಮುಂದಿನ ಜಗಲಿಯಾದ ಕೈಯಾಲೆಯಲ್ಲಿ ಕಂಬಗಳ ನಡುವಿನ ಮರದ ಹಲಗೆಯಾದ ಐಮರದ ಮೇಲೆ ಹಿರಿಯರು ಕೂರುತ್ತಾರೆ, ಬಂದವರನ್ನು ಮಾತನಾಡಿಸುತ್ತಾರೆ. ಒಳಗಿನ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಮೂಲಪುರುಷ ಗುರು ಕಾರೋಣನನ್ನು ನೆನೆಯುವಾಗ ಮಾತಿಗೆ ಇನ್ನೊಂದು ಮರ್ಯಾದೆ. ಅಡುಗೆಮನೆಯಲ್ಲಿ ಹೆಂಗಸರು ಆಡುವ ಮಾತು, ಕಣದ ಅಂಚಿನಲ್ಲಿ ಹುಡುಗರು ಆಡುವ ಮಾತು ಕೈಯಾಲೆಗೆ ಬರುವುದಿಲ್ಲ. ಹಿರಿಯರು ತಪ್ಪು ಹೇಳಿದರೆ ಕಿರಿಯರು ಅಲ್ಲಿ ಎದುರು ನುಡಿಯದೆ, ಆಮೇಲೆ ಚಿಕ್ಕಮ್ಮನ ಮೂಲಕವೋ ಸೋದರಮಾವನ ಮೂಲಕವೋ ವಿಷಯವನ್ನು ಮುಟ್ಟಿಸುತ್ತಿದ್ದರು. ತಿದ್ದುವುದಕ್ಕೂ ಒಂದು ದಾರಿಯಿತ್ತು, ಆ ದಾರಿ ಮನೆಯ ಹಿಂಬಾಗಿಲಿನಿಂದ ಹೋಗುತ್ತಿತ್ತು.

ವಾಟ್ಸಾಪ್ ಗುಂಪಿನಲ್ಲಿ ಈ ಗೋಡೆಗಳಿಲ್ಲ. ಕೈಯಾಲೆ, ನಡುಬಾಡೆ, ಅಡುಗೆಮನೆ, ಕಣ ನಾಲ್ಕೂ ಒಂದೇ ಪರದೆಯ ಮೇಲೆ ಬಂದಿವೆ. ವಿದ್ಯುನ್ಮಾನ ಮಾಧ್ಯಮ ಬಂದಾಗ ಬೇರೆಬೇರೆ ಇದ್ದ ಸಾಮಾಜಿಕ ಸ್ಥಳಗಳು ಒಂದರೊಳಗೊಂದು ಬೆರೆಯುತ್ತವೆ ಎಂದು ಜೋಶುವಾ ಮೈರೋವಿಟ್ಜ್ 1985ರಲ್ಲೇ ಗಾಫ್‌ಮನ್ ಅವರ ವಿಚಾರವನ್ನು ವಿಸ್ತರಿಸಿ ವಾದಿಸಿದ್ದರು. ಅವರ ಕಣ್ಣೆದುರಿಗಿದ್ದದ್ದು ದೂರದರ್ಶನ. ಈಚಿನ ಸಂಶೋಧಕರು ಸಾಮಾಜಿಕ ಜಾಲತಾಣಗಳ ಕುರಿತು ಬರೆಯುವಾಗ ಇದನ್ನು ಸಂದರ್ಭಗಳ ಕುಸಿತ ಎಂದು ಕರೆಯುತ್ತಾರೆ. ಮೇಲುನೋಟಕ್ಕೆ ಸಂಕೋಚದಂತೆ ಕಾಣುವ ನಿಮ್ಮ ಓರಗೆಯವರ ಮೌನ, ಯಾವ ಸ್ಥಳದ ಮರ್ಯಾದೆಯನ್ನು ಪಾಲಿಸಬೇಕೆಂದು ತೀರ್ಮಾನಿಸಲಾಗದಾಗ ಅತ್ಯಂತ ಕಟ್ಟುನಿಟ್ಟಾದ ಸ್ಥಳದ ಮರ್ಯಾದೆಯನ್ನೇ ಪಾಲಿಸುವ ಕ್ರಮ. ನಿಮ್ಮ ಎರಡನೆಯ ಗುಂಪು, ಕಳೆದುಹೋದ ನೇಪಥ್ಯವನ್ನು ಕಿರಿಯರು ತಾವೇ ಮತ್ತೆ ಕಟ್ಟಿಕೊಂಡದ್ದು.

ಇಲ್ಲಿ ಒಂದು ತಾಂತ್ರಿಕ ವಿವರವನ್ನು ಬಿಡಬೇಡಿ. 2014ರ ನವೆಂಬರಿನಲ್ಲಿ ವಾಟ್ಸಾಪ್ ಸಂದೇಶವನ್ನು ಓದಲಾಗಿದೆಯೆಂದು ತೋರಿಸುವ ನೀಲಿ ಗೆರೆಗಳನ್ನು ತಂದಿತು. ವೈಯಕ್ತಿಕ ಸಂಭಾಷಣೆಯಲ್ಲಿ ಓದಿದ ಗುರುತನ್ನು ಮರೆಮಾಡಬಹುದು, ಗುಂಪಿನಲ್ಲಿ ಸಾಧ್ಯವಿಲ್ಲ. ಸಂದೇಶ ಕಳುಹಿಸಿದವರು ಬಯಸಿದರೆ ಯಾರು ಓದಿದರೆಂದು ಹೆಸರು ಸಮೇತ ನೋಡಬಹುದು. ಕೈಯಾಲೆಯ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಹುಡುಗ ಕೇಳಿಸಿಕೊಂಡನೋ ಇಲ್ಲವೋ ಎಂಬ ಅನುಮಾನಕ್ಕೆ ಆಸ್ಪದವಿತ್ತು, ಆ ಅನುಮಾನವೇ ಇಬ್ಬರ ಮರ್ಯಾದೆಯನ್ನೂ ಕಾಯುತ್ತಿತ್ತು. ಈಗ ಮೌನಕ್ಕೆ ದಾಖಲೆಯಿದೆ. ಓದಿಯೂ ಉತ್ತರಿಸದಿರುವುದು ಗೌರವವೋ ಧಿಕ್ಕಾರವೋ ಎಂಬ ಪ್ರಶ್ನೆ ಏಳುತ್ತದೆ. ಗಾಫ್‌ಮನ್ ಅವರ ಹೋಟೆಲಿನಲ್ಲಿ ಇಂತಹ ಯಂತ್ರವಿರಲಿಲ್ಲ; ನಿಮ್ಮ ಪ್ರಬಂಧ ಅವರಿಂದ ಮುಂದಕ್ಕೆ ಹೋಗಬೇಕಾದ ಜಾಗ ಇದೇ.

ಫುಕೋ ಅವರ ಬಗ್ಗೆ ಒಂದೆರಡು ಮಾತು ಸಾಕು. 1975ರ ಅವರ ಗ್ರಂಥದಲ್ಲಿ ಬರುವ ಸೆರೆಮನೆಯ ಮಾದರಿಯಲ್ಲಿ ನಡುವಿನ ಗೋಪುರದಿಂದ ನೋಡುವವನು ಕೈದಿಗಳಿಗೆ ಕಾಣಿಸುವುದಿಲ್ಲ. ಒಕ್ಕದ ಗುಂಪಿನಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಾರೆ. ಊರಿನ ಬದುಕಿನಲ್ಲಿ ಅದು ಮೊದಲೂ ಇತ್ತು. ಕಾಣದಂತೆ ನೋಡುವವರು ಯಾರೆಂದು ಕೇಳಿದರೆ ಬೆರಳು ಕಂಪನಿಯ ಕಡೆ ತಿರುಗಬೇಕು. ಅದು ಬೇರೆ ಪ್ರಶ್ನೆ. ಅದಕ್ಕೆ ಶೋಷಾನಾ ಝುಬಾಫ್ 2019ರಲ್ಲಿ ವಿಸ್ತರಿಸಿ ಮಂಡಿಸಿದ, ಜನರ ವರ್ತನೆಯ ಮಾಹಿತಿಯಿಂದ ಲಾಭ ಮಾಡುವ ಕಣ್ಗಾವಲು ಬಂಡವಾಳಶಾಹಿಯ ವಿಚಾರವನ್ನು ಓದಬೇಕಾಗುತ್ತದೆ.

ಕೊನೆಯದಾಗಿ, ಕೊಡಗಿನಲ್ಲಿ ಕುಳಿತು ಸಮಾಜಶಾಸ್ತ್ರ ಬರೆಯುವವರು ಎಂ.ಎನ್. ಶ್ರೀನಿವಾಸ್ ಅವರನ್ನು ಬಿಟ್ಟು ಬರೆಯಲಾಗದು. 1952ರಲ್ಲಿ ಪ್ರಕಟವಾದ, ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಅಧ್ಯಯನದಲ್ಲಿ ಒಕ್ಕವೇ ಮೂಲ ಘಟಕ. ಒಕ್ಕದಿಂದ ಊರು, ಊರಿನಿಂದ ನಾಡು, ನಾಡಿನಿಂದ ಇಡೀ ಕೊಡಗು ಎಂದು ವಿಸ್ತರಿಸುವ ಐಕ್ಯವು ಆಚರಣೆಗಳ ಮೂಲಕ ಹೇಗೆ ಕಟ್ಟಲ್ಪಡುತ್ತದೆಂದು ಅವರು ತೋರಿಸಿದರು. ಆದರೆ ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಅವರಿಂದ ಪಡೆದ ಕಾರ್ಯವಾದದ (ಸಮಾಜದ ಪ್ರತಿ ಭಾಗವೂ ಇಡೀ ಸಮಾಜವನ್ನು ಹಿಡಿದಿಡಲು ನೆರವಾಗುತ್ತದೆ ಎನ್ನುವ) ದೃಷ್ಟಿ ಐಕ್ಯವನ್ನು ಚೆನ್ನಾಗಿ ಕಂಡಿತು, ಜಗಳವನ್ನು ಕಡಿಮೆ ಕಂಡಿತು ಎಂಬ ಟೀಕೆಯಿದೆ, ಅದನ್ನು ನಾನೂ ಒಪ್ಪುತ್ತೇನೆ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಆಸ್ತಿಯ ಪಾಲಿನ ಮಾತು ಬಂದಾಗ ನಿಮ್ಮ ಗುಂಪು ಹೇಗೆ ವರ್ತಿಸುತ್ತದೆಂದು ಗಮನಿಸಿ. ಹಬ್ಬದ ದಿನದ ಶುಭಾಶಯಗಳನ್ನಷ್ಟೇ ಎಣಿಸಿದರೆ ನೀವೂ ಐಕ್ಯವನ್ನೇ ಕಾಣುತ್ತೀರಿ.

ಉತ್ತರ: ಸಿದ್ದಾಪುರದ ಕಡೆಯ ಬೆಳೆಗಾರ

ಅಧ್ಯಾಪಕರ ವಿವರಣೆಯನ್ನು ಎರಡು ಬಾರಿ ಓದಿದೆ. ರಂಗದ ಮೇಲಿರುವವರನ್ನೂ ನೇಪಥ್ಯದಲ್ಲಿರುವವರನ್ನೂ ಅದು ಚೆನ್ನಾಗಿ ತೋರಿಸುತ್ತದೆ, ಆದರೆ ಆ ಕಟ್ಟಡದೊಳಕ್ಕೇ ಬಾರದವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಗುಂಪಿನಲ್ಲಿ ಯಾರು ಸುಮ್ಮನಿದ್ದಾರೆ ಎಂದು ಕೇಳುವ ಮುಂಚೆ ಗುಂಪಿನಲ್ಲಿ ಯಾರು ಇಲ್ಲ ಎಂದು ಕೇಳಬೇಕೆಂಬುದು ನನ್ನ ಅನಿಸಿಕೆ. ಒಕ್ಕದ ಗುಂಪು ರಕ್ತಸಂಬಂಧದ್ದಾದ್ದರಿಂದ ಅಲ್ಲಿ ಆ ಪ್ರಶ್ನೆ ಏಳದಿರಬಹುದು, ಆದರೆ ಕೊಡಗಿನ ಸಾಮಾಜಿಕ ಜಾಲವೆಂದರೆ ಒಕ್ಕದ ಗುಂಪೊಂದೇ ಅಲ್ಲ.

ನಮ್ಮ ಭಾಗದಲ್ಲಿ ಕಾಡಾನೆಗಳ ಸುದ್ದಿಗೆ ಒಂದು ಗುಂಪಿದೆ. ಬೆಳಗಿನ ಜಾವ ತೋಟದ ದಾರಿಯಲ್ಲಿ ಆನೆಯನ್ನು ಮೊದಲು ಕಾಣುವವರು ಕಾರ್ಮಿಕರ ವಸತಿಸಾಲಾದ ಲೈನ್‌ಮನೆಯಿಂದ ಕೆಲಸಕ್ಕೆ ನಡೆದು ಬರುವ ಕಾರ್ಮಿಕರು. ಅವರಲ್ಲಿ ಬುಡಕಟ್ಟಿನವರಾದ ಯರವರಿದ್ದಾರೆ, ಅಸ್ಸಾಮಿನಿಂದ ಬಂದವರಿದ್ದಾರೆ. ಕಂಡವರು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೆ ಫೋನ್ ಮಾಡುತ್ತಾರೆ, ರೈಟರು ಅದನ್ನು ಗುಂಪಿಗೆ ಹಾಕುತ್ತಾರೆ: ಮೂರು ಆನೆ, ಒಂದು ಮರಿ, ಕೆರೆಯ ಮೇಲ್ಭಾಗ, ಆರು ಗಂಟೆ ಹತ್ತು ನಿಮಿಷ. ಗುಂಪಿನಲ್ಲಿರುವ ನಾವೆಲ್ಲ ರೈಟರಿಗೆ ಧನ್ಯವಾದ ಹೇಳಿ ಜೀಪನ್ನು ಬೇರೆ ದಾರಿಗೆ ತಿರುಗಿಸುತ್ತೇವೆ. ಆ ಸುದ್ದಿ ಪಕ್ಕದ ತೋಟದ ಲೈನ್‌ಮನೆಗೆ ತಲುಪುವುದು ಅಲ್ಲಿನ ರೈಟರು ಗುಂಪನ್ನು ಗಮನಿಸಿ ಕೂಗಿ ಹೇಳಿದರೆ ಮಾತ್ರ. ಸುದ್ದಿಯನ್ನು ಹುಟ್ಟಿಸುವವರೂ ಕಾರ್ಮಿಕರು, ಆನೆಯ ಎದುರಿಗೆ ನಡೆದು ಹೋಗುವವರೂ ಕಾರ್ಮಿಕರು. ನಡುವಿನ ಗುಂಪಿನಲ್ಲಿ ಅವರಿಲ್ಲ.

ಈ ರೈಟರ ಸ್ಥಾನವನ್ನು ಅರ್ಥಮಾಡಿಕೊಳ್ಳಲು ನನಗೆ ನೆರವಾದದ್ದು ಜಾಲಗಳನ್ನು ಕುರಿತ ಸಿದ್ಧಾಂತ. ಮಾರ್ಕ್ ಗ್ರ್ಯಾನೊವೆಟರ್ 1973ರ ತಮ್ಮ ಲೇಖನದಲ್ಲಿ ಸಡಿಲ ನಂಟುಗಳ ಬಲವನ್ನು ವಿವರಿಸಿದರು. ಪರಿಚಿತರ ಮೂಲಕ ಕೆಲಸ ಪಡೆದವರನ್ನು ಅವರು ಕೇಳಿದಾಗ, ಆ ಪರಿಚಿತರನ್ನು ಆಗ ಪದೇಪದೇ ಭೇಟಿಯಾಗುತ್ತಿದ್ದವರು ಶೇ. 16.7 ಮಾತ್ರ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುತ್ತಿದ್ದವರು ಶೇ. 55.6, ಅಪರೂಪಕ್ಕೆ ಕಾಣುತ್ತಿದ್ದವರು ಶೇ. 27.8. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ನಂಟಿನಿಂದ ಎನ್ನುವುದು ಅದರ ಸಾರ. ಮುಂದೆ ರೊನಾಲ್ಡ್ ಬರ್ಟ್ 1992ರಲ್ಲಿ, ಒಂದನ್ನೊಂದು ಮುಟ್ಟದ ಎರಡು ಜಾಲಗಳ ನಡುವೆ ನಿಂತವನಿಗೆ ಸಿಗುವ ಅನುಕೂಲವನ್ನು ತೋರಿಸಿದರು. ನಮ್ಮ ರೈಟರು ನಿಂತಿರುವುದು ಅಂತಹ ಜಾಗದಲ್ಲಿ. ಆದರೆ ಆ ಬಿರುಕು ಆಕಸ್ಮಿಕವಾಗಿ ಉಂಟಾದುದಲ್ಲ. ಅದು ತೋಟದ ಒಡೆತನ, ಕೂಲಿ, ಜಾತಿ, ಭಾಷೆ ಇವುಗಳಿಂದ ಆದದ್ದು, ಫೋನು ಅದನ್ನು ಮುಚ್ಚಲಿಲ್ಲ. ಪಿಯರ್ ಬೋರ್ದ್ಯೂ ಸಾಮಾಜಿಕ ಬಂಡವಾಳವೆಂದು ಕರೆದದ್ದು ಇದಕ್ಕೆ ಹೆಚ್ಚು ಹತ್ತಿರ: ಯಾರ ಪರಿಚಯ ಯಾರಿಗಿದೆ ಎನ್ನುವುದೂ ಒಂದು ಆಸ್ತಿ, ಅದೂ ಮಿಕ್ಕ ಆಸ್ತಿಯಂತೆಯೇ ಅಸಮವಾಗಿ ಹಂಚಿಕೆಯಾಗಿರುತ್ತದೆ.

ಕನ್ನಡದಲ್ಲಿ ಟೈಪ್ ಮಾಡಲಾಗದ ಕಾರ್ಮಿಕರೂ ಧ್ವನಿಸಂದೇಶ ಕಳುಹಿಸಬಲ್ಲರು. ಅವರನ್ನು ಗುಂಪಿಗೆ ಸೇರಿಸೋಣವೆಂದು ನಾನು ಹೇಳಿದಾಗ, ಗದ್ದಲವಾಗುತ್ತದೆ ಎಂಬ ಉತ್ತರ ಬಂತು. ಆ ಉತ್ತರವೂ ನಿಮ್ಮ ಪ್ರಬಂಧಕ್ಕೆ ಸಾಮಗ್ರಿ ಎಂದು ಇಲ್ಲಿ ಬರೆದಿದ್ದೇನೆ.

ಉತ್ತರ: ಮಕ್ಕಂದೂರು ಕಡೆಯ ಶಿಕ್ಷಕಿ

ಸುಳ್ಳು ಸಂದೇಶಗಳ ಬಗ್ಗೆ ಪ್ರಶ್ನೆಯಲ್ಲಿ ಮಾತು ಬಂದಿರುವುದರಿಂದ ನಾನೂ ಒಂದು ವಿಚಾರವನ್ನು ಸೇರಿಸುತ್ತೇನೆ. ಸುಳ್ಳು ಸುದ್ದಿಯನ್ನು ಹಂಚುವವರೆಲ್ಲ ಅವಿವೇಕಿಗಳು ಎಂದುಕೊಂಡು ಅಧ್ಯಯನಕ್ಕಿಳಿದರೆ ಮುಖ್ಯವಾದದ್ದು ಕೈತಪ್ಪುತ್ತದೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಕಾಲೂರು, ಜೋಡುಪಾಲ ಭಾಗಗಳಲ್ಲಿ ಬೆಟ್ಟಗಳು ಜರಿದಾಗ ರಸ್ತೆಗಳು ಕಡಿದವು, ಕರೆಂಟು ಹೋಯಿತು, ಮಂಗಳೂರಿನ ಕಡೆಯ ಹೆದ್ದಾರಿ ಮುಚ್ಚಿತು. ಸಿಗ್ನಲ್ ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಫೋನಿಗೆ ಬಂದು ಬೀಳುತ್ತಿದ್ದ ಸಂದೇಶಗಳಲ್ಲಿ ನಿಜವೂ ಸುಳ್ಳೂ ಬೆರೆತಿದ್ದವು. ಇಂತಹ ರಸ್ತೆ ತೆರೆದಿದೆ, ಇಂತಹ ಮನೆಯವರು ಸಿಕ್ಕಿಕೊಂಡಿದ್ದಾರೆ, ಇಂತಹ ಶಾಲೆಯಲ್ಲಿ ಊಟವಿದೆ. ಅವುಗಳಲ್ಲಿ ದೊಡ್ಡ ತೊಂದರೆ ಕೊಟ್ಟದ್ದು ಕಟ್ಟುಕಥೆಗಳಿಗಿಂತ ಹಳೆಯ ನಿಜಗಳು. ಹಿಂದಿನ ದಿನ ನಿಜವಾಗಿದ್ದ ಸಂದೇಶ ತಾರೀಖಿಲ್ಲದೆ ಮುಂದೆ ಹೋಗಿ, ರಕ್ಷಣೆಯಾಗಿ ಬಂದವರಿಗೇ ಮತ್ತೆ ರಕ್ಷಣೆ ಬೇಕೆಂಬ ಕರೆಯಾಗಿ ತಿರುಗಿ ಬರುತ್ತಿತ್ತು. ನಮ್ಮ ಗುಂಪಿನಲ್ಲಿ ಒಬ್ಬರು ಪ್ರತಿ ಸಂದೇಶದ ಮೊದಲ ಸಾಲಿನಲ್ಲಿ ತಾರೀಖು, ಗಂಟೆ, ಯಾರು ಕಣ್ಣಾರೆ ಕಂಡರು ಎಂಬುದನ್ನು ಬರೆಯಲು ಶುರುಮಾಡಿದರು. ಯಾರೂ ಹೇಳದಿದ್ದರೂ ಸಂಜೆಯ ಹೊತ್ತಿಗೆ ಉಳಿದವರೂ ಹಾಗೆಯೇ ಬರೆಯತೊಡಗಿದರು.

ಇದನ್ನು ವಿವರಿಸಬಲ್ಲವರು ಸಮಾಜಶಾಸ್ತ್ರಜ್ಞ ತಮೊತ್ಸು ಶಿಬುತಾನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಶಿಬಿರಗಳಲ್ಲಿ ಅವರೂ ಇದ್ದರು. ಗಾಳಿಸುದ್ದಿ ಹೇಗೆ ಹುಟ್ಟುತ್ತದೆ ಎನ್ನುವುದನ್ನು ಒಳಗಿನಿಂದಲೇ ಕಂಡವರು. 1966ರ ಗ್ರಂಥದಲ್ಲಿ ಅವರು, ಅಧಿಕೃತ ಸುದ್ದಿ ಸಾಲದೆ ಹೋದಾಗ ಜನರು ತಮ್ಮಲ್ಲಿರುವ ತುಣುಕುಗಳನ್ನು ಒಟ್ಟುಗೂಡಿಸಿ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ಸಾಮೂಹಿಕವಾಗಿ ಮಾಡುವ ಪ್ರಯತ್ನವೇ ಗಾಳಿಸುದ್ದಿ ಎಂದು ವಾದಿಸಿದರು. ತಾರೀಖು ಬರೆಯುವ ಆ ಪದ್ಧತಿ ಜನರೇ ಕಂಡುಕೊಂಡ ಶೋಧನೆಯ ವಿಧಾನ.

ಜಾಲತಾಣವೂ ಇಲ್ಲಿ ತಟಸ್ಥವಲ್ಲ. ಮಕ್ಕಳ ಕಳ್ಳರ ಬಗೆಗಿನ ವದಂತಿಗಳಿಂದ ದೇಶದ ಹಲವೆಡೆ ಗುಂಪುಹತ್ಯೆಗಳಾದ ಮೇಲೆ, 2018ರ ಜುಲೈನಲ್ಲಿ ವಾಟ್ಸಾಪ್ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವ ಮಿತಿಯನ್ನು ಭಾರತದಲ್ಲಿ ತರುವುದಾಗಿ ಪ್ರಕಟಿಸಿತು. ಅದಾದ ಮುಂದಿನ ತಿಂಗಳೇ ನಮ್ಮಲ್ಲಿ ಬೆಟ್ಟ ಜರಿದದ್ದು. ವದಂತಿಯನ್ನು ತಡೆಯಲು ಹಾಕಿದ ಮಿತಿ ರಕ್ಷಣೆಯ ಕರೆಗೂ ಅನ್ವಯಿಸುತ್ತದೆ, ಯಂತ್ರಕ್ಕೆ ಎರಡೂ ಒಂದೇ. ಸಿದ್ಧಾಂತ ಹೇಳುವವರು ಜನರ ವರ್ತನೆಯನ್ನಷ್ಟೇ ನೋಡದೆ ಇಂತಹ ನಿಯಮಗಳನ್ನು ಯಾರು, ಎಲ್ಲಿ ಕುಳಿತು ಬರೆಯುತ್ತಾರೆ ಎನ್ನುವುದನ್ನೂ ನೋಡಬೇಕು.

ಮರುಪ್ರಶ್ನೆ: ಗೋಣಿಕೊಪ್ಪಲಿನ ವಿದ್ಯಾರ್ಥಿನಿ

ಮೂವರಿಗೂ ಕೃತಜ್ಞಳಾಗಿದ್ದೇನೆ. ಆನೆಯ ಗುಂಪಿನ ಉದಾಹರಣೆ ನನ್ನ ವಿಷಯದ ಎಲ್ಲೆಯನ್ನೇ ಮರುಚಿಂತಿಸುವಂತೆ ಮಾಡಿದೆ. ಒಂದು ಸಂದೇಹ ಉಳಿದಿದೆ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯ ದಿನಗಳಲ್ಲಿ ನಮ್ಮ ಗುಂಪಿನಲ್ಲಿ ಕಾಣುವ ಉತ್ಸಾಹ ಬೇರೆ ಯಾವಾಗಲೂ ಕಾಣುವುದಿಲ್ಲ. ದುಬೈಯಲ್ಲಿರುವವರೂ ನೇರಪ್ರಸಾರ ನೋಡುತ್ತಾ ಪ್ರತಿ ಗೋಲಿಗೂ ಸಂದೇಶ ಹಾಕುತ್ತಾರೆ. ಇದನ್ನು ಡರ್ಖೈಮ್ ಅವರ ಸಾಮೂಹಿಕ ಉತ್ಕರ್ಷ, ಅಂದರೆ ಜನ ಒಂದೆಡೆ ಸೇರಿದಾಗ ಉಕ್ಕುವ ಹಂಚಿಕೊಂಡ ಭಾವಾವೇಶ, ಎಂದು ಕರೆಯಬಹುದೇ? ಒಂದೇ ಜಾಗದಲ್ಲಿ ಸೇರದ ಜನರಿಗೂ ಆ ಮಾತು ಸಲ್ಲುತ್ತದೆಯೇ?

ಉತ್ತರ: ಮಡಿಕೇರಿಯ ನಿವೃತ್ತ ಅಧ್ಯಾಪಕ

ಬೆಳೆಗಾರರ ಆಕ್ಷೇಪ ನ್ಯಾಯವಾದದ್ದು. ಪ್ರಬಂಧದಲ್ಲಿ ಅದಕ್ಕೆ ಒಂದು ಅಧ್ಯಾಯವನ್ನೇ ಕೊಡಿ.

ಡರ್ಖೈಮ್ 1912ರ ಗ್ರಂಥದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬದುಕಿನ ಎರಡು ಕಾಲಗಳನ್ನು ಗುರುತಿಸಿದರು. ಚಿಕ್ಕ ಚಿಕ್ಕ ತಂಡಗಳಾಗಿ ಚದುರಿ ಜೀವನೋಪಾಯ ನೋಡಿಕೊಳ್ಳುವ ಕಾಲ ಒಂದು, ಎಲ್ಲರೂ ಒಂದೆಡೆ ಸೇರಿ ಆಚರಣೆ ನಡೆಸುವ ಕಾಲ ಇನ್ನೊಂದು. ಉತ್ಕರ್ಷ ಹುಟ್ಟುವುದು ಎರಡನೆಯದರಲ್ಲಿ. ರಾಂಡಲ್ ಕಾಲಿನ್ಸ್ 2004ರಲ್ಲಿ ಇದನ್ನು ಬೆಳೆಸಿ, ದೇಹಗಳು ಒಂದೆಡೆ ಸೇರಬೇಕು, ಗಮನ ಒಂದರ ಮೇಲೆ ನಿಲ್ಲಬೇಕು, ಭಾವ ಒಂದಾಗಬೇಕು, ಹೊರಗಿನವರು ಯಾರೆಂಬುದು ಸ್ಪಷ್ಟವಿರಬೇಕು ಎಂದರು. 1997ರಲ್ಲಿ ಕರಡದಲ್ಲಿ ಆರಂಭವಾದ ಕುಟುಂಬ ಹಾಕಿಯಲ್ಲಿ ಮೈದಾನದಲ್ಲಿರುವವರಿಗೆ ಈ ನಾಲ್ಕೂ ಇವೆ. ದುಬೈಯಲ್ಲಿರುವವರಿಗೆ ಮೊದಲನೆಯದು ಇಲ್ಲ, ಮೇಲಾಗಿ ನೇರಪ್ರಸಾರ ಕೆಲವು ಕ್ಷಣ ತಡವಾಗಿ ತಲುಪುವುದರಿಂದ ಮೈದಾನದವರು ಗೋಲಿನ ಸುದ್ದಿ ಹಾಕಿದ ಮೇಲೆ ಅವರಿಗೆ ಗೋಲು ಕಾಣುತ್ತದೆ. ಆದ್ದರಿಂದ ಅದನ್ನು ಉತ್ಕರ್ಷವೆಂದು ಕರೆಯಲು ನಾನು ಹಿಂಜರಿಯುತ್ತೇನೆ.

ಆದರೆ ಡರ್ಖೈಮ್ ಅವರ ಇನ್ನೊಂದು ಮಾತು ಇಲ್ಲಿ ಸಲ್ಲುತ್ತದೆ. ಸೇರಿದ ಜನ ಚದುರಿದಾಗ ಉತ್ಕರ್ಷ ಆರುತ್ತದೆ, ಮುಂದಿನ ಸಮಾವೇಶದವರೆಗೆ ಅದನ್ನು ಉಳಿಸುವುದು ಲಾಂಛನಗಳು. ಒಕ್ಕದ ಹೆಸರಿರುವ ಅಂಗಿ ತೊಟ್ಟ ತಂಡದ ಚಿತ್ರ ವರ್ಷವಿಡೀ ಗುಂಪಿನ ಮುಖಚಿತ್ರವಾಗಿ ಉಳಿಯುತ್ತದೆಯೇ, ಯಾವ ಚಿತ್ರಗಳು ಮತ್ತೆ ಮತ್ತೆ ಹಂಚಿಕೆಯಾಗುತ್ತವೆ, ಯಾವ ತಿಂಗಳಲ್ಲಿ ಎಂದು ದಾಖಲಿಸಿ. ಗುಂಪನ್ನು ಸಮಾವೇಶವೆಂದು ನೋಡುವುದಕ್ಕಿಂತ ಚದುರಿದ ಕಾಲದಲ್ಲಿ ಲಾಂಛನವನ್ನು ಸಾಗಿಸುವ ವಾಹಕವೆಂದು ನೋಡಿದರೆ ನಿಮಗೆ ಹೆಚ್ಚು ಕಾಣುತ್ತದೆ.

ಇನ್ನು ಅನುಮತಿಯ ವಿಷಯ, ನೀವು ಕೇಳದಿದ್ದರೂ ಹೇಳಲೇಬೇಕು. ನೀವು ಆ ಗುಂಪಿನ ಸದಸ್ಯೆ. ಆದರೆ ಸಂಶೋಧಕಿಯಾಗಿ ಓದುವುದು ಬೇರೆ. ಹಳೆಯ ಸಂದೇಶಗಳನ್ನು ಬಳಸುವ ಮುಂಚೆ ಗುಂಪಿನಲ್ಲೇ ಲಿಖಿತವಾಗಿ ತಿಳಿಸಿ. ಒಕ್ಕದ ಯಜಮಾನರಾದ ಪಟ್ಟೆದಾರರು ಒಪ್ಪಿದರೆ ಎಲ್ಲರೂ ಒಪ್ಪಿದಂತೆ ಎಂದು ಒಕ್ಕದ ಪದ್ಧತಿ ಹೇಳಬಹುದು, ಸಂಶೋಧನೆಯ ನೀತಿ ಅದನ್ನು ಒಪ್ಪುವುದಿಲ್ಲ. ಮೌನವಾಗಿರುವ ಕಿರಿಯರನ್ನು ಹಿರಿಯರ ಗುಂಪಿನಲ್ಲಿ ಕೇಳಿದರೆ ಅಲ್ಲಿಯೂ ಮೌನವಾಗಿಯೇ ಇರುತ್ತಾರೆ, ನೀವು ಅದನ್ನು ಸಮ್ಮತಿಯೆಂದು ಓದಿಬಿಡುವ ಅಪಾಯವಿದೆ. ಅವರನ್ನು ಒಬ್ಬೊಬ್ಬರನ್ನಾಗಿ, ಬೇರೆಯಾಗಿ ಕೇಳಿ. ಎರಡನೆಯ ಗುಂಪಿನ ಮಾತುಗಳನ್ನು ಹೆಸರು ಬದಲಿಸಿ ಬರೆದರೂ ಒಕ್ಕದವರು ಆಡಿದವರನ್ನು ಸುಲಭವಾಗಿ ಗುರುತಿಸುತ್ತಾರೆ. ಆದ್ದರಿಂದ ಅಲ್ಲಿನ ಒಂದು ವಾಕ್ಯವನ್ನೂ ಯಥಾವತ್ತಾಗಿ ಉದ್ಧರಿಸಬೇಡಿ.